ಮಾವನನ್ನು ಹೊಡೆಯಲಾರದ ಸೂಪರ್‌ಹೀರೋ

ತೊಂಬತ್ತರ ದಶಕದ ಕೊನೆಯಲ್ಲಿ ರಾಯಾಪುರದ ಬಯಲಿನಲ್ಲಿ ನಾವು ಗೆಳೆಯರು ಕನ್ನಡದ ಮೊದಲ ಸೂಪರ್‌ಹೀರೋ ಸಿನಿಮಾ ಶುರು ಮಾಡಿದೆವು. ಮೊದಲನೆಯದು ಎಂಬುದು ನಮ್ಮದೇ ನಂಬಿಕೆ. ನಾಯಕನ ಬೆನ್ನಿಗೆ ಕಟ್ಟಿದ ಕೆಂಪು ಚಾದರ ಗಾಳಿಗೆ ಹಾರುತ್ತಿತ್ತೆಂದು ನೆನಪು. ನಮಗೆ ಗಾಳಿ ಬೇಕಾಗಿತ್ತು, ಹಾಗಾಗಿ ನೆನಪಿನಲ್ಲಷ್ಟೇ ಬೀಸಿರಬಹುದು.

ಬಾಡಿಗೆಯ ಕ್ಯಾಮೆರಾ ಸಂಜೆಯವರೆಗೆ ಮಾತ್ರ ನಮ್ಮದು. ಅಷ್ಟರೊಳಗೆ ನಾಯಕ ಖಳನಿಗೆ ಒಂದೇಟು ಹೊಡೆಯಬೇಕಿತ್ತು. ಆದರೆ ಮೀಸೆ ಭರ್ಜರಿಯಾಗಿದೆಯೆಂದು ನಾನು ಖಳನ ಪಾತ್ರಕ್ಕೆ ಒಪ್ಪಿಸಿದ್ದು ನಾಯಕನ ಸೋದರಮಾವನನ್ನು. ಅವರ ಮಗಳನ್ನು ಇವನಿಗೇ ಕೊಡುವ ಮಾತು ನಡೆದಿತ್ತು.

"ಹೊಡಿ ಲೇ!" ಎಂದು ಕ್ಯಾಮೆರಾದ ಹಿಂದಿನಿಂದ ನಾನು ಕೂಗಿದೆ. ನಾಯಕ ಮುಷ್ಟಿ ಎತ್ತಿದವನು ಬಗ್ಗಿ ಮಾವನ ಕಾಲು ಮುಟ್ಟಿದ.

"ಲಗೂ ಹೊಡಿ ಅಳಿಯಾ, ನಾ ಏನೂ ಅನ್ಕೊಳ್ಳೂದಿಲ್ಲ" ಎಂದರು ಮಾವ.

"ಅತ್ತಿಯಾರು ಅನ್ಕೋತಾರಲ್ರಿ, ಮಾವಾರ."

ಮಾವ ಕ್ಷಣ ಯೋಚಿಸಿದರು. "ಅದೂ ಖರೇನ ಬಿಡು. ಬಾ, ಚಾ ಕುಡಿಯೂಣು."

ಜಗತ್ತನ್ನು ಸುಡಬೇಕಾದವರು ಅದನ್ನು ಉಳಿಸಬೇಕಾದವನ ಹೆಗಲ ಮೇಲೆ ಕೈಹಾಕಿ ಚಹಾದಂಗಡಿಯತ್ತ ನಡೆದರು. ಸಿನಿಮಾ ಅಲ್ಲಿಗೇ ನಿಂತಿತು. ನಾನು ಮಾತ್ರ 'ಕಟ್' ಎನ್ನಲಿಲ್ಲ.