ಸೋಫಾದ ಹೊಟ್ಟೆಯ ಎರಡು ಮರಿಗಳು

ಮೊಳೆಬಾಯಿ ಹೋದ ಮೇಲೆ ಬಂದವರೆಲ್ಲ ಅವನ ಕೈಗುಣವನ್ನೇ ಹೊಗಳಿದರು. ಅವನು ಸಿದ್ಧಮಾಡಿದ ಕುರ್ಚಿಯಲ್ಲಿ ಕೂತವರಿಗೆ ಏಳಲು ಮನಸ್ಸಾಗುತ್ತಿರಲಿಲ್ಲ, ಅವನು ಬಡಿದ ಮೊಳೆ ಮತ್ತೆ ಮೇಲೆದ್ದದ್ದನ್ನು ಯಾರೂ ಕಂಡಿಲ್ಲ, ಹೀಗೆ. ಎಲ್ಲವೂ ನಿಜವೇ. ಆದರೆ ಅವನು ಎಂಥ ಆಸಾಮಿ ಎಂದು ತಿಳಿಯಬೇಕಾದರೆ ಬೆಕ್ಕಿನ ಮರಿಗಳ ಸಂಗತಿ ಹೇಳಬೇಕು. ಸಾವಿನ ಮನೆಯಲ್ಲಿ ಅದನ್ನು ಎತ್ತಲು ಯಾರಿಗೂ ಧೈರ್ಯ ಬರಲಿಲ್ಲ. ಎತ್ತಿದ್ದರೆ ಎಲ್ಲರಿಗೂ ನಗು ಬಂದುಬಿಡುತ್ತಿತ್ತು.

ಹಳೆಯ ಸೋಫಾ, ಕುರ್ಚಿಗಳನ್ನು ಬಿಚ್ಚಿ ಹೊಸದಾಗಿ ತುಂಬಿಸಿ ಬಟ್ಟೆ ಹೊದಿಸುವುದು ಅವನ ಕಸುಬು. ಮುಂದಿನ ಕೋಣೆಯಲ್ಲಿ ಅವನ ಸುತ್ತಿಗೆ, ಹಿಂದಿನ ಕೋಣೆಯಲ್ಲಿ ಅವನ ಅಕ್ಕನ ಹೊಲಿಗೆ ಮೆಷಿನ್ನು. ಮದುವೆ ಮಕ್ಕಳ ಗೋಜಿಗೆ ಇಬ್ಬರೂ ಹೋಗಿರಲಿಲ್ಲ. ದಿನವಿಡೀ ಒಬ್ಬರಿಗೊಬ್ಬರು ಬೈದುಕೊಂಡೇ ಅಷ್ಟು ವರ್ಷ ಹಾಯಾಗಿ ಕಳೆದಿದ್ದರು. ಗೋಡೆಯ ಆಚೆ ಬದಿ ಹಳೆ ಪುಸ್ತಕದ ಅಂಗಡಿ. ಅದರ ಯಜಮಾನ ಮೊಳೆಬಾಯಿಗೆ ಶಾಲೆಯ ಕಾಲದ ಗೆಳೆಯ. ಮಧ್ಯಾಹ್ನ ಊಟವಾದ ಮೇಲೆ, ಆಗಷ್ಟೇ ಮುಗಿದ ಸೋಫಾವನ್ನು ಪರೀಕ್ಷೆ ಮಾಡುತ್ತೇನೆಂದು ಬಂದು ಅದರ ಮೇಲೆ ಗೊರಕೆ ಹೊಡೆಯುವುದು ಅವನ ಅಭ್ಯಾಸ.

ಮೊಳೆಬಾಯಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಒಂದು ಹಿಡಿ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ನಾಲಿಗೆಯಲ್ಲೇ ಒಂದೊಂದನ್ನು ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಯ ತುದಿಗೆ ಕಚ್ಚಿಸಿ ಟಕ್ ಎಂದು ಬಡಿಯುವುದು ಆ ಕಸುಬಿನ ಹಳೆಯ ರೀತಿ. ಹಾಗೆ ಬಾಯಿ ತುಂಬಿರುವಾಗ ಮಾತಿಲ್ಲ, ಬರೀ ತಲೆಯಾಡಿಸುವುದು. ಇಲ್ಲವೆಂದು ಆಡಿಸಿದರೆ ಯಾಕೆಂದು ಹೇಳಬೇಕಾಗುತ್ತದೆ. ಹೇಳಬೇಕಾದರೆ ಮೊಳೆಯೆಲ್ಲ ಅಂಗೈಗೆ ಉಗುಳಬೇಕು, ಕೆಲಸದ ಓಟ ಕೆಡುತ್ತದೆ. ಅದಕ್ಕಿಂತ ಹೌದೆನ್ನುವುದೇ ಸುಲಭ. ಇದು ಇಡೀ ಬೀದಿಗೆ ಗೊತ್ತಿತ್ತು. ಏಣಿ ಬೇಕಾದವರು, ಛತ್ರಿ ಬೇಕಾದವರು, ಭಾರದ ಬೀರು ಎತ್ತಲು ಒಂದು ಜೊತೆ ತೋಳು ಬೇಕಾದವರು ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಅವನು ಮೊಳೆ ಬಾಯಿಗೆ ಹಾಕಿಕೊಂಡನೋ, ಒಳಗೆ ನುಗ್ಗುತ್ತಿದ್ದರು.

ಹೆಡ್ ಮೇಡಂ ಸೋಫಾ ಬಂದದ್ದು ಇಂಥ ದಿನಗಳಲ್ಲೇ. ಹೆಡ್ ಮೇಡಂ ಎಂದರೆ ಊರಿನ ಅರ್ಧ ಜನಕ್ಕೆ ಪಾಠ ಹೇಳಿ ನಿವೃತ್ತರಾದ ಮುಖ್ಯೋಪಾಧ್ಯಾಯಿನಿ. ಮೊಳೆಬಾಯಿಯೂ ಪುಸ್ತಕದಂಗಡಿಯವನೂ ಅವರ ಕೈಯಲ್ಲಿ ಪಳಗಿದವರೇ. ಅವರ ಮನೆಯ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಆ ಸೋಫಾವನ್ನು ಅಂಗಡಿಯಲ್ಲಿ ಬೋರಲು ಹಾಕಿ, ತಳದ ಬಟ್ಟೆ ಹರಿದಾಗ, ಸ್ಪ್ರಿಂಗುಗಳ ನಡುವೆ ಎರಡು ಬೆಕ್ಕಿನ ಮರಿಗಳು ಒಂದರ ಮೇಲೊಂದು ಮಲಗಿದ್ದವು. ಬಟ್ಟಲಿನಲ್ಲಿ ಹಾಲು ಕುಡಿಯುವಷ್ಟು ಬೆಳೆದಿದ್ದವು. ತಾಯಿಯನ್ನು ನೋಡಿ ಬಹಳ ದಿನವಾಯಿತೆಂದು ಹೆಡ್ ಮೇಡಂ ಹೇಳಿ ಕಳಿಸಿದರು.

ಕೆಳಗೆ ಬಿಟ್ಟ ಕೂಡಲೇ ಬೂದು ಮರಿ ಪರದೆ ಹತ್ತಿತು. ಬಿಳಿ ಮರಿ ಬಿಟ್ಟಲ್ಲೇ ಕೂತಿತು. ಆದ್ದರಿಂದ ಒಂದು ಸ್ಪ್ರಿಂಗು, ಇನ್ನೊಂದು ಸ್ಪಂಜು. ಮನುಷ್ಯರ ಹೆಸರಿಡುವ ಯೋಗ್ಯತೆ ಇಲ್ಲದವನು ಅಂಗಡಿ ಸಾಮಾನಿನ ಹೆಸರಿಟ್ಟ ಎಂದು ಅಕ್ಕ ಹಂಗಿಸಿದಳು. ಸ್ಪಂಜಿಗೆ ಒಂದು ವಿಚಿತ್ರ ಶಿಸ್ತಿತ್ತು. ಹಾಲಿನ ಬಟ್ಟಲು ಮುಂದಿದ್ದರೂ ಸ್ಪ್ರಿಂಗು ಬಂದು ಮೂತಿಯಿಡುವವರೆಗೆ ಅದು ಮುಟ್ಟುತ್ತಿರಲಿಲ್ಲ. ಸ್ಪ್ರಿಂಗು ಸಿಕ್ಕಿದ್ದನ್ನೆಲ್ಲ ತಿನ್ನುತ್ತಿತ್ತು, ದಾರದುಂಡೆಯನ್ನೂ ಬಿಡದೆ. ಆದರೆ ನಿದ್ದೆ ಬರಬೇಕಾದರೆ ಗಲ್ಲದ ಕೆಳಗೆ ಸ್ಪಂಜಿನ ಹೊಟ್ಟೆಯೇ ಆಗಬೇಕು.

ಅಕ್ಕ ಕಾನೂನು ಹೊರಡಿಸಿದಳು. ಇಲಿ ಕಾಟಕ್ಕೆ ಒಂದು ಬೆಕ್ಕು ಇರಲಿ. ಎರಡಾದರೆ ತಾನು ಇಲ್ಲಿ ಹೊಲಿದ ಬಟ್ಟೆಯನ್ನು ಅವು ಅಲ್ಲಿ ಪರಚುತ್ತವೆ, ಅಂಗಡಿಗೆ ಬೀಗ ಹಾಕಿ ಕೀಲಿಯನ್ನು ಬೆಕ್ಕುಗಳ ಕೈಗೆ ಕೊಟ್ಟು ಹೋಗಬೇಕಾಗುತ್ತದೆ. ಮೊಳೆಬಾಯಿ ಹೂಂ ಎಂದ. ನೋಡೋಣ ಎಂದ. ನಾಳೆ ಎಂದ. ನಾಳೆಗಳನ್ನು ತಳ್ಳುವುದರಲ್ಲಿ ಅವನು ಎತ್ತಿದ ಕೈ.

ಅಷ್ಟರಲ್ಲಿ ಹೆಡ್ ಮೇಡಂ ಸೋಫಾ ಎಲ್ಲಿಗೆ ಬಂತೆಂದು ನೋಡಲು ಬಂದರು. ಅವನ ಬಾಯಿ ತುಂಬಿತ್ತು. ಬಟ್ಟೆಯ ಬಣ್ಣ ಮೆಚ್ಚಿದರು, ಕಾಲುಗಳಿಗೆ ಪಾಲಿಶ್ ಸಾಲದೆಂದರು, ಹೊರಡುವಾಗ ಬಾಗಿಲಲ್ಲಿ ತಿರುಗಿ, ಸೋಫಾ ಜೊತೆ ಆ ಬೂದು ಮರಿಯನ್ನೂ ಕಳಿಸು, ಚುರುಕಾಗಿದೆ, ಒಂದೇ ಸಾಕು ಎಂದರು. ಅವನು ತಲೆಯಾಡಿಸಿದ. ಇನ್ನು ನಾಲ್ಕು ಮೊಳೆ ಬಡಿದ ಮೇಲೆ ಅವನಿಗೆ ತಾನೇನು ಒಪ್ಪಿಕೊಂಡೆನೆಂದು ಹೊಳೆಯಿತು. ಬೇರೆ ಯಾರೇ ಆಗಿದ್ದರೂ ಓಡಿಹೋಗಿ ಮಾತು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಹೆಡ್ ಮೇಡಂ ಎದುರು ಬಂದರೆ ಅವನು ಆ ವಯಸ್ಸಿನಲ್ಲೂ ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಅಗಲಿಸಿದರೆ ಏನಾಗುತ್ತದೆಂದು ತಿಳಿಯಲು ಒಂದು ಪ್ರಯೋಗ ಮಾಡಿದ. ಸ್ಪ್ರಿಂಗನ್ನು ಒಂದು ಬೆಳಗಿನ ಮಟ್ಟಿಗೆ ಪುಸ್ತಕದಂಗಡಿಯಲ್ಲಿ ಬಿಟ್ಟು, ಸ್ಪಂಜನ್ನು ತನ್ನ ಬಳಿ ಇಟ್ಟುಕೊಂಡ. ಸ್ಪಂಜು ಗೋಡೆಗೆ ಮೂತಿ ಹಚ್ಚಿ ಮಲಗಿತು. ಅವನು ಹಾಲಿಟ್ಟ, ಹೊಗಳಿದ. ಕೊನೆಗೆ ತಾನೇ ಮೊಣಕಾಲೂರಿ, ಬಟ್ಟಲಿಗೆ ಮೂತಿಯಿಟ್ಟು ಲೊಚಲೊಚ ಸದ್ದು ಮಾಡಿ ತೋರಿಸಿದ. ಕುರ್ಚಿ ಕೊಡಲು ಬಂದ ಗಿರಾಕಿಯೊಬ್ಬಳು ಇದನ್ನು ನೋಡಿ, ಕುರ್ಚಿಯೊಂದಿಗೆ ವಾಪಸು ಹೋದಳು. ಆಚೆ ಬದಿಯಲ್ಲಿ ಸ್ಪ್ರಿಂಗು ಮೇಲಿನ ಕಪಾಟಿಗೆ ಹತ್ತಿ, ದಪ್ಪ ನಿಘಂಟುಗಳನ್ನೇ ಆರಿಸಿ ಕೆಳಕ್ಕೆ ತಳ್ಳುತ್ತಿತ್ತು. ಪುಸ್ತಕದಂಗಡಿಯವನು ಅದನ್ನು ಕಂಕುಳಲ್ಲಿ ಇರುಕಿಕೊಂಡು ಬಂದ.

"ತಗೋಳಯ್ಯ ನಿನ್ನ ಶನೀನ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ರೆ ಅದು ಗಲ್ಲಾ ಮೇಲೆ ಕೂತಿರೋದು, ನಾನು ಬೀದೀಲಿ ಮಿಯಾಂವ್ ಅಂತಿದ್ದೆ."

ನೆಲಕ್ಕೆ ಬಿಟ್ಟದ್ದೇ ಸ್ಪ್ರಿಂಗು ನೇರ ಬಟ್ಟಲಿಗೆ ಹೋಗಿ ಮೂತಿಯಿಟ್ಟಿತು. ಸ್ಪಂಜು ಎದ್ದು ಬಂದು ಪಕ್ಕದಲ್ಲಿ ಕೂತು ಕುಡಿಯಿತು. ಮೊಳೆಬಾಯಿ ಅದನ್ನು ನೋಡುತ್ತ ನಿಂತುಬಿಟ್ಟ. ಅವನ ಮೀಸೆಗೆ ಇನ್ನೂ ಹಾಲು ಅಂಟಿತ್ತು.

ಪಶು ಆಸ್ಪತ್ರೆಯ ಕಾಂಪೌಂಡರನ್ನು ಕೇಳಿದ. ಆತ ಇಂಥ ಪ್ರಶ್ನೆಗಳಿಗೆ ತಲೆಯೆತ್ತುವ ಪೈಕಿಯಲ್ಲ. ಒಂದು ವಾರ ಅಳುತ್ತೆ, ಆಮೇಲೆ ಮರೆಯುತ್ತೆ ಎಂದು ಸೀಸೆಗಳಿಗೆ ಚೀಟಿ ಅಂಟಿಸುವುದನ್ನು ಮುಂದುವರಿಸಿದ. ಅಕ್ಕನೂ ಅದನ್ನೇ ಹೇಳಿದಳು. ಆ ವಾರವೆಲ್ಲ ಮೊಳೆಬಾಯಿ ಅದೊಂದು ಮಾತನ್ನು ಮೊಳೆಯಂತೆ ಬಾಯಲ್ಲಿಟ್ಟುಕೊಂಡು ಓಡಾಡಿದ. ಮರೆಯುತ್ತದಂತೆ ಎಂದು ಗೋಡೆಯ ಆಚೆಗೆ ಕೂಗಿ ಹೇಳುತ್ತಿದ್ದ. ಮರೆತರೆ ಒಳ್ಳೆಯದಲ್ಲವೇ ಎಂದು ಆಚೆಯಿಂದ ಉತ್ತರ ಬರುತ್ತಿತ್ತು. ಅದು ಇನ್ನೂ ಅನ್ಯಾಯ ಎಂದು ಇವನು ಮತ್ತೆ ಕೂಗುತ್ತಿದ್ದ.

ಸೋಫಾ ಒಯ್ಯುವ ಬೆಳಿಗ್ಗೆ ಬಂತು. ಉಳಿದದ್ದು ತಳದ ಬಟ್ಟೆ ಮಾತ್ರ. ತಳ ಮುಚ್ಚುವ ಮುಂಚೆ ಒಳಗೊಮ್ಮೆ ಕೈಯಾಡಿಸುವುದು ಅವನ ನಿಯಮ. ಕತ್ತರಿಯೋ ಸೂಜಿಯೋ ಉಳಿದಿದ್ದರೆ ಗಿರಾಕಿಯ ಬೆನ್ನಿಗೆ ಸಿಗಬಾರದಲ್ಲ. ಅಂದೂ ಆಡಿಸಿದ. ಆದರೆ ಬುಟ್ಟಿಯಲ್ಲಿ ಕೂಡಿಹಾಕಿದ್ದ ಸ್ಪ್ರಿಂಗು ಬೀದಿಗೆಲ್ಲ ಕೇಳುವಂತೆ ಅರಚುತ್ತಿತ್ತು, ಅವನು ಆ ಕಡೆ ನೋಡಬಾರದೆಂದು ಮುಖ ತಿರುಗಿಸಿಕೊಂಡಿದ್ದ. ಮೂಲೆಯಲ್ಲೇನೋ ಮೆತ್ತಗೆ ಕೈಗೆ ಸಿಕ್ಕಿತು. ಹತ್ತಿ ಉಂಡೆಗಟ್ಟಿದೆ ಎಂದುಕೊಂಡು ಎರಡು ಸಲ ಒತ್ತಿ ಸಮ ಮಾಡಿದ. ಹತ್ತಿ ತುಟಿಪಿಟಕ್ಕೆನ್ನಲಿಲ್ಲ. ಬಟ್ಟೆ ಎಳೆದು ಸುತ್ತಲೂ ಮೊಳೆ ಬಡಿದುಬಿಟ್ಟ.

ಹೆಡ್ ಮೇಡಂ ಮನೆಯಲ್ಲಿ ಸೋಫಾ ಇಳಿಸಿ, ಬುಟ್ಟಿಯ ಮುಚ್ಚಳ ತೆಗೆದಾಗ ಸ್ಪ್ರಿಂಗು ಕೋಣೆಯನ್ನೊಮ್ಮೆ ಮೂಸಿ, ನೇರ ಸೋಫಾದ ಕೆಳಗೆ ಹೋಗಿ, ಅಲ್ಲೇ ಮೈಚಾಚಿ ಕಣ್ಣು ಮುಚ್ಚಿತು. ಅಳುವಿಲ್ಲ, ಕರೆಯುವುದಿಲ್ಲ. ಕಾಂಪೌಂಡರ್ ಒಂದು ವಾರ ಎಂದಿದ್ದ. ಈ ಕೃತಘ್ನ ಒಂದು ಗಳಿಗೆಯನ್ನೂ ತೆಗೆದುಕೊಂಡಿರಲಿಲ್ಲ.

ಅಂಗಡಿಗೆ ಬಂದರೆ ಸ್ಪಂಜಿಲ್ಲ. ಫೋಮಿನ ರಾಶಿ ಮಗುಚಿದರು, ರೆಕ್ಸಿನ್ ಸುರುಳಿಗಳೊಳಗೆ ಇಣುಕಿದರು. ಜೊತೆಗಾರನನ್ನು ಹುಡುಕಿಕೊಂಡು ಹೊರಟುಹೋಗಿದೆ ಎಂದು ಮೊಳೆಬಾಯಿ ಮೆಟ್ಟಿಲ ಮೇಲೆ ಕುಸಿದು ಕೂತ. ಎರಡನೇ ಬೆಕ್ಕು ಬೇಡವೆಂದ ಅಕ್ಕನೇ ಚಪ್ಪಲಿ ಮೆಟ್ಟಿಕೊಂಡು, ಸ್ಪಂಜೂ ಸ್ಪಂಜೂ ಎಂದು ಬೀದಿಯುದ್ದಕ್ಕೂ ಕೂಗುತ್ತ ಹೋದಳು. ಪಾತ್ರೆ ಅಂಗಡಿಯವನು ಪಾಪ, ಪಾತ್ರೆ ತಿಕ್ಕುವ ಸ್ಪಂಜನ್ನು ಹಿಡಿದುಕೊಂಡು ಹಿಂದೆಯೇ ಓಡಿಬಂದ. ಅವನಿಗೆ ಸಿಕ್ಕ ಬೈಗುಳಕ್ಕೆ ಅವನು ಮಾಡಿದ ತಪ್ಪಾದರೂ ಏನು!

ಅಷ್ಟರಲ್ಲಿ ಹೆಡ್ ಮೇಡಂ ಫೋನು.

"ಏನಪ್ಪಾ, ನಿನ್ನ ಸೋಫಾ ಗುರ್ ಅಂತಿದೆ. ನಾನು ಕೂತ್ರೆ ಇನ್ನೂ ಜಾಸ್ತಿ. ಮೋಟಾರು ಹಾಕು ಅಂತ ನಾನೇನೂ ಹೇಳಿರ್ಲಿಲ್ವಲ್ಲ?"

ಮೊಳೆಬಾಯಿ ತನ್ನ ಬಲಗೈಯನ್ನು ನೋಡಿಕೊಂಡ. ಎರಡು ಸಲ ಒತ್ತಿ ಸಮ ಮಾಡಿದ ಕೈ. ಸುತ್ತಿಗೆ, ಇಕ್ಕಳ ಹಿಡಿದು ಓಡಿದ. ಬೈಯಲು ಬಾಕಿ ಉಳಿದದ್ದರಿಂದ ಅಕ್ಕನೂ ಹಿಂದೆ ಓಡಿದಳು, ವಿಷಯವೇನೆಂದು ತಿಳಿಯದ ಪುಸ್ತಕದಂಗಡಿಯವನೂ ಓಡಿದ. ಸೋಫಾವನ್ನು ಬೋರಲು ಹಾಕಿ ಮೊಳೆಗಳನ್ನು ಕಿತ್ತಾಗ, ಸ್ಪಂಜು ಆಕಳಿಸುತ್ತ ಹೊರಬಂದು, ಮೈಮುರಿದು, ಇಷ್ಟು ಜನ ಯಾಕೆ ಸೇರಿದ್ದಾರೆಂಬಂತೆ ನೋಡಿತು. ಸ್ಪ್ರಿಂಗು ಬಂದು ಅದರ ಕಿವಿ ನೆಕ್ಕತೊಡಗಿತು. ಅದು ಏನನ್ನೂ ಮರೆತಿರಲಿಲ್ಲ. ಬಟ್ಟೆಯ ಈಚೆ ಅದು, ಆಚೆ ಇದು, ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ್ದವು, ಅಷ್ಟೆ.

ಅಕ್ಕ ಸ್ಪಂಜನ್ನು ಸೆರಗಿನಲ್ಲಿ ಎತ್ತಿಕೊಂಡು, ನಡಿ, ನಮ್ಮದು ನಮಗೆ ಸಿಕ್ಕಿತು ಎಂದಳು. ಹೆಡ್ ಮೇಡಂಗೂ ಅದೇ ಸರಿಯೆನಿಸಿತು. ತಾವು ಶಾಲೆಯಲ್ಲಿ ಅಂಟಿಕೊಂಡ ಜೋಡಿಗಳನ್ನು ಹೇಗೆ ಬಿಡಿಸುತ್ತಿದ್ದೆವೆಂದು ನೆನಪಿಸಿದರು. ಯಾರು ಪಾಠದ ನಡುವೆ ಪಿಸಿಪಿಸಿ ಎನ್ನುತ್ತಾರೋ ಅವರಲ್ಲಿ ಒಬ್ಬನನ್ನು ಮೊದಲ ಬೆಂಚಿಗೆ, ಇನ್ನೊಬ್ಬನನ್ನು ಕೊನೆಯ ಬೆಂಚಿಗೆ. ಉದಾಹರಣೆಗೆ ಬೇರೆಲ್ಲೂ ಹೋಗಬೇಕಿಲ್ಲವೆಂದು ಮೊಳೆಬಾಯಿಯನ್ನೂ ಪುಸ್ತಕದಂಗಡಿಯವನನ್ನೂ ಬೆರಳು ಮಾಡಿ ತೋರಿಸಿದರು.

"ನಿಮ್ಮಿಬ್ಬರನ್ನ ಬೇರೆ ಕೂರಿಸಿದ್ಮೇಲೆ ತಾನೇ ಕ್ಲಾಸು ಸರಿಹೋಗಿದ್ದು?"

ಮೊಳೆಬಾಯಿ ಗುಂಡಿ ಮುಟ್ಟಿ ನೋಡಿಕೊಂಡ.

"ಎಲ್ಲಿ ಸರಿಹೋಯ್ತು ಮೇಡಂ. ಮೊದಲು ಪಿಸಿಪಿಸಿ ಅಂತಿದ್ವಿ. ನೀವು ಬೇರೆ ಮಾಡಿದ್ಮೇಲೆ ಕೂಗಿ ಮಾತಾಡೋಕೆ ಶುರು ಮಾಡಿದ್ವಿ. ಇವತ್ತಿಗೂ ಗೋಡೆಯಾಚೆಯಿಂದ ಕೂಗ್ತಾನೇ ಇದೀವಿ."

ಪುಸ್ತಕದಂಗಡಿಯವನು ಹೌದೆಂದು ತಲೆಯಾಡಿಸಿದ. ಅವನ ಬಾಯಲ್ಲಿ ಮೊಳೆಯೇನೂ ಇರಲಿಲ್ಲ.

ಕೊಟ್ಟ ಮಾತಿಗೆ ತಪ್ಪಿ ಎರಡನ್ನೂ ಎತ್ತಿಕೊಂಡು ಹೋಗುವುದು ಮೊಳೆಬಾಯಿಗೆ ಆಗದು. ಸ್ಪಂಜಿನ ಮೂತಿಯನ್ನು ಮತ್ತೆ ಗೋಡೆಗೆ ತಿರುಗಿಸುವುದೂ ಆಗದು. ಉಳಿದದ್ದು ಒಂದೇ ದಾರಿ, ಅದರಲ್ಲಿ ಬರಿಗೈಯಲ್ಲಿ ಮನೆಗೆ ಹೋಗುವವನು ತಾನು. ಅವನು ಅಕ್ಕನ ಸೆರಗಿನಿಂದ ಸ್ಪಂಜನ್ನು ತೆಗೆದು, ಹೆಡ್ ಮೇಡಂ ಮಡಿಲಿಗೆ ಹಾಕಿದ.

"ಎರಡೂ ನಿಮ್ಮ ಹತ್ರಾನೇ ಇರ್ಲಿ ಮೇಡಂ."

"ಲೋ, ನಮಗೆ ಇಲಿ ಹಿಡಿಯೋರು ಯಾರೋ?" ಎಂದಳು ಅಕ್ಕ.

"ನಾನೇ ಹಿಡೀತೀನಿ, ಬಿಡಕ್ಕಾ."

ಹೆಡ್ ಮೇಡಂ ಮಡಿಲಿನಲ್ಲಿದ್ದುದನ್ನು ನೋಡಿದರು, ಕಾಲ ಬಳಿ ಅದಕ್ಕಾಗಿ ಎಗರುತ್ತಿದ್ದುದನ್ನು ನೋಡಿದರು. ಗಲಾಟೆ ಮಾಡಿದರೆ ಎರಡನ್ನೂ ಬೇರೆ ಬೇರೆ ಕುರ್ಚಿಗೆ ಕೂರಿಸುತ್ತೇನೆ ಎಂದು ಎಚ್ಚರಿಸಿದರು. ಅದು ಒಪ್ಪಿಗೆಯೆಂದು ಅವರ ಹಳೆಯ ವಿದ್ಯಾರ್ಥಿಗಳಿಬ್ಬರಿಗೂ ಅರ್ಥವಾಯಿತು.

ಮೊಳೆಬಾಯಿ ಇಲಿ ಹಿಡಿಯುವುದರಲ್ಲಿ ಹೆಸರು ಮಾಡಲಿಲ್ಲ. ಒಂದು ಸಲ ಬೋನಿಗೆ ಸಿಕ್ಕಿದ್ದು ಅವನದೇ ಹೆಬ್ಬೆರಳು. ಒಂದು ವಾರವಾಯಿತು, ಎರಡಾಯಿತು, ಹಾಲಿನ ಬಟ್ಟಲನ್ನು ಅವನು ಎತ್ತಿಡಲಿಲ್ಲ. ಕಾಂಪೌಂಡರ್ ಹೇಳಿದ್ದು ಬೆಕ್ಕಿನ ಲೆಕ್ಕ. ಮನುಷ್ಯರಿಗೆ ಎಷ್ಟು ವಾರವೆಂದು ಅವನೂ ಹೇಳಿರಲಿಲ್ಲ, ಯಾರೂ ಹೇಳಿಲ್ಲ.

ಆಮೇಲೆ ಮೊಳೆಬಾಯಿಗೆ ಆ ಸೋಫಾದ ಮೇಲೆ ಸಂಶಯಗಳು ಶುರುವಾದವು. ಎಡತೋಳು ಸಡಿಲವಾಗಿರಬಹುದು, ಒಂದು ಕಾಲು ತೂಗುತ್ತಿರಬಹುದು, ಹವೆ ಬದಲಾಗಿದೆ, ಬಟ್ಟೆ ಜಗ್ಗಿರಬಹುದು. ಅವನು ಹೋಗಿ ನೋಡಿ ಬರುತ್ತಿದ್ದ. ಬರುವಾಗ ಪ್ಯಾಂಟಿನ ತುಂಬ ಬೂದು ಮತ್ತು ಬಿಳಿ ಕೂದಲು. ಅಕ್ಕ ಬ್ರಷ್ಷಿನಲ್ಲಿ ಉಜ್ಜುತ್ತ, ಊರಲ್ಲಿ ಬೇರೆ ಸೋಫಾನೇ ಇಲ್ವೇನೋ ಎಂದು ಬೈಯುತ್ತಿದ್ದಳು. ಹಾಸಿಗೆ ಹಿಡಿಯುವ ಹಿಂದಿನ ದಿನವೂ ಅವನು ಎಡತೋಳನ್ನು ನೋಡಿ ಬಂದಿದ್ದ. ಅದು ಕಲ್ಲಿನಂತೆ ಗಟ್ಟಿಯಾಗಿತ್ತೆಂದು ಹೆಡ್ ಮೇಡಂ ಹೇಳುತ್ತಾರೆ.

ಕಳೆದ ತಿಂಗಳು ಅಕ್ಕ ಅಲ್ಲಿಗೆ ಹೋದಳು, ಅವನು ಮರೆತು ಬಂದಿದ್ದ ಇಕ್ಕಳ ತರಲು. ಸೋಫಾದ ಒಂದು ತುದಿಯಲ್ಲಿ ಕೂತಳು. ಬೆಳೆದು ದೊಡ್ಡವಾದ ಎರಡು ಬೆಕ್ಕುಗಳು ಅವಳ ಸೆರಗು ಮೂಸಿ, ಪಕ್ಕದಲ್ಲೇ ಒಂದರ ಮೇಲೊಂದು ಮಲಗಿದವು. ಅವಳು ಬಹಳ ಹೊತ್ತು ಕೂತಿದ್ದಳು. ಇಕ್ಕಳ ತೆಗೆದುಕೊಂಡು ಎದ್ದವಳು ಎಡತೋಳನ್ನು ಹಿಡಿದು ಅಲುಗಿಸಿದಳು. ಅದು ಕದಲಲಿಲ್ಲ.

"ಯಾಕೋ ಸ್ವಲ್ಪ ಸಡಿಲ ಇದೆ ಮೇಡಂ," ಎಂದಳು. "ಮುಂದಿನ ವಾರ ಬಂದು ನೋಡ್ತೀನಿ."