ನಂಗು ಮೀನಿನ ಕಣ್ಣು ಯಾವ ಮಗ್ಗುಲಿಗೆ

ದೇವರಿದ್ದಾನೆ ಎಂಬುದಕ್ಕೆ ನನ್ನ ಸೋದರಮಾವನ ಬಳಿ ಒಂದೇ ಸಾಕ್ಷಿ ಇತ್ತು. ಅದು ನಂಗು ಮೀನು. ಅಂಗೈ ಅಗಲದ ಚಪ್ಪಟೆ ಮೀನು, ಒಂದು ಮಗ್ಗುಲು ಕಂದು, ಇನ್ನೊಂದು ಬಿಳಿ. ಸಮುದ್ರದ ತಳದ ಮರಳಿನಲ್ಲಿ, ನಮ್ಮ ಮಾತಿನಲ್ಲಿ ಹೇಳುವುದಾದರೆ ಹೊಯ್ಗೆಯಲ್ಲಿ, ಬಿಳಿ ಮಗ್ಗುಲು ಕೆಳಗೆ ಮಾಡಿ ಮಲಗಿರುತ್ತದೆ. ಅದರ ಎರಡು ಕಣ್ಣೂ ಮೇಲಿನ ಮಗ್ಗುಲಲ್ಲೇ. ಶನಿವಾರ ಸಂಜೆ ನಮ್ಮ ಕೇರಿಯ ಭಜನಾ ಮಂದಿರದಲ್ಲಿ ತಾಳ ಕೆಳಗಿಟ್ಟ ಮೇಲೆ ಮಾವ ನಾಲ್ಕು ಮಾತಾಡುವುದು ರೂಢಿ. ಎಲ್ಲಿಂದ ಶುರು ಮಾಡಿದರೂ ಕೊನೆಗೆ ನಂಗಿಗೇ ಬಂದು ನಿಲ್ಲುತ್ತಿದ್ದರು.

“ಹೊಯ್ಗಿಯಂಗೆ ಮನಿಕಂಬ ಮೀನಿಗೆ ಅಡಿ ಬದಿ ಕಣ್ಣ್ ಇದ್ರೆ ಎಂತ ಕಾಣ್ತ್? ಹೊಯ್ಗಿ ಕಾಣ್ತ್. ಅದ್ಕೇ ಮಾಡ್ದಂವ ಎರಡನ್ನೂ ಮೇಲೆ ಇಟ್ಟ. ಅಂವ ಮರೆತ್ ಮಾಡ್ದಂವ ಅಲ್ಲ.”

ಈ ಮಾತಿಗೆ ತೂಕ ಬಂದದ್ದು ಮಾವನ ಮುಖದಿಂದ. ಹರೆಯದಲ್ಲಿ ಬಲೆ ಬಿಡಿಸುವಾಗ ತೊರಕೆ ಮೀನಿನ ಬಾಲದ ಮುಳ್ಳು ಬಡಿದು ಅವರ ಒಂದು ಕಣ್ಣು ಹೋಗಿತ್ತು. ರೆಪ್ಪೆ ಮುಚ್ಚಿ ಅಂಟಿಕೊಂಡಿತ್ತು. “ಎರಡ್ ಕೊಟ್ಟಂವ ಒಂದ್ ತೆಕಂಡ, ಸಾಕಾಪಷ್ಟ್ ಬಿಟ್ಟಿದ್ದ” ಎನ್ನುತ್ತಿದ್ದರು. ನಂಗಿನ ಕಣ್ಣನ್ನು ಯೋಚಿಸಿ ಇಟ್ಟವನು ನನ್ನ ಕಣ್ಣನ್ನೂ ಕಂಡಿದ್ದಾನೆ ಎಂಬ ನಂಬಿಕೆಯ ಮೇಲೆ ಅವರ ಬದುಕು ನಿಂತಿತ್ತು. ಇದು ನನಗೆ ಆಗ ಹೊಳೆಯಲಿಲ್ಲ. ನನಗೆ ಹದಿನೆಂಟು, ಮೂಗಿನ ತುದಿಯಲ್ಲಿ ಸಿಟ್ಟು, ತಲೆ ತುಂಬ ಕಾಲೇಜು.

ಅರವತ್ತರ ದಶಕದ ನಡುವಿನ ಮಾತು. ಗಂಗೊಳ್ಳಿ ಬದಿಯಿಂದ ದೋಣಿಯಲ್ಲಿ ಹೊಳೆ ದಾಟಿ ಕುಂದಾಪುರದ ಕಾಲೇಜಿಗೆ ಹೋದ ನಮ್ಮ ಕೇರಿಯ ಮೊದಲ ಹುಡುಗಿ ನಾನು. ಅಮ್ಮನನ್ನು ನಾವು ಅಬ್ಬಿ ಎನ್ನುತ್ತಿದ್ದೆವು. ಅವಳು ತಲೆ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ನಮ್ಮದು ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆ, ಹಾಗಾಗಿ ಮಾವನ ಮಾತೇ ಕೊನೆಯ ಮಾತು. ನನ್ನನ್ನು ಕಳಿಸುತ್ತೇನೆ ಎಂದು ಅವರು ಹೇಳಿದಾಗ ಕೇರಿಯ ಹಿರಿಯರಿಗೆ ಸರಿ ಬರಲಿಲ್ಲ. ಅಲ್ಲಿಗೆ ಹೋದ ಹೆಣ್ಣು ದೇವರೂ ಇಲ್ಲ ದಿಂಡರೂ ಇಲ್ಲ ಎನ್ನಲು ಕಲಿಯುತ್ತದೆ ಎಂದರು. ಮಾವ ಹೆದರಲಿಲ್ಲ. “ಕಲ್ತದ್ದನ್ನ ಮಂದಿರದಂಗೇ ಬಂದ್ ಹೇಳ್ಲಿ, ಎಲ್ಲರೂ ಕೇಂಬ. ಸಮ ಇಲ್ದಿರೆ ನಿಲ್ಸುವ” ಎಂದು ಎಲ್ಲರೆದುರು ಮಾತು ಕೊಟ್ಟರು. ನನ್ನ ಓದು ಆ ಮಾತಿನ ಮೇಲೆ ನಡೆಯುತ್ತಿತ್ತು.

ಎರಡನೆಯ ವರ್ಷ ಪ್ರಾಣಿಶಾಸ್ತ್ರದ ಪಾಠದಲ್ಲಿ ನಂಗು ಬಂತು. ಪಾಠ ಹೇಳುತ್ತಿದ್ದವರು ಮೈಸೂರು ಕಡೆಯ ಸಮಾಧಾನದ ಮನುಷ್ಯ, ಮೀನನ್ನು ಪುಸ್ತಕದಲ್ಲಿ ಮಾತ್ರ ಕಂಡವರು. ಈ ಜಾತಿಯ ಮರಿ ಹುಟ್ಟುವಾಗ ಬೇರೆ ಮೀನಿನಂತೆಯೇ ಆಚೆಗೊಂದು ಈಚೆಗೊಂದು ಕಣ್ಣು ಇಟ್ಟುಕೊಂಡು ನೆಟ್ಟಗೆ ಈಜುತ್ತದೆ, ಬೆಳೆಯುತ್ತಾ ಒಂದು ಕಣ್ಣು ತಲೆಯನ್ನು ದಾಟಿ ಬಲಮಗ್ಗುಲಿಗೆ ಬರುತ್ತದೆ, ತಲೆತಲಾಂತರಗಳಲ್ಲಿ ಹೀಗೆ ಬದಲಾಗಿ ಬಂದದ್ದು ಎಂದು ವಿವರಿಸಿದರು. ದೇವರ ಸುದ್ದಿಯನ್ನು ಅವರು ಎತ್ತಲೇ ಇಲ್ಲ. ಎತ್ತಿದ್ದು ನಾನು.

ಆ ಶನಿವಾರ ಮಂದಿರದಲ್ಲಿ ಮಾವ ವಾಡಿಕೆಯಂತೆ ನಂಗಿಗೆ ಬಂದರು. ನಾನು ಹೆಂಗಸರ ಸಾಲಿನಿಂದ ಎದ್ದು ನಿಂತೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನ ಐಶ್ವರ್ಯ ಒಂದು ಪುಟದ ನೋಟ್ಸು.

“ಮಾವ, ನೀವ್ ಹೇಳುದ್ ಸಮ ಅಲ್ಲ. ನಂಗ್ ಹುಟ್ಟುವಾಗ ಎರಡೂ ಬದಿ ಕಣ್ಣ್ ಇರ್ತ್. ಕಡಿಕೆ ಒಂದ್ ಕಣ್ಣ್ ತಲೆ ದಾಟಿ ಬಲಬದಿಗೆ ಬತ್ತ್. ಮಾಡ್ದಂವ ಒಬ್ಬ ಇದ್ದಿದ್ರೆ ಮೊದ್ಲೇ ಸಮಾ ಇಡ್ತಿರ್ಲಿಲ್ಯಾ? ಕಿಟಕಿ ತಪ್ಪ್ ಗೋಡೆಗೆ ಇಟ್ಟ್, ಮತ್ತೆ ಕಿತ್ತ್ ಈಚಿ ಗೋಡೆಗೆ ಇಡು ಆಚಾರಿನ ಯಾರಾರೂ ಕೆಲ್ಸಕ್ಕೆ ಕರೀತ್ರಾ?”

ಮಾವ ಸಿಟ್ಟಾಗಲಿಲ್ಲ. ಒಂದು ಕ್ಷಣ ಯೋಚಿಸಿ ಕೇಳಿದರು: “ಬಲಬದಿಗಾ? ನಮ್ ನಂಗಿಗೆ ಎಡಬದಿಗಲ್ದಾ ಕಣ್ಣ್?”

“ಪುಸ್ತಕದಂಗೆ ಬಲ ಅಂತ್ಲೇ ಇತ್ತ್” ಎಂದೆ. ಆ ಧಾಟಿ ಈಗಲೂ ನನ್ನ ಕಿವಿಯಲ್ಲಿದೆ.

ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು: “ಹ್ವಾಯ್ ಅಣ್ಣಾ, ಹಾಂಗಾರೆ ನಿಮ್ ಕಣ್ಣೂ ಒಂದಿನ ಈಚಿ ಬದಿಗೆ ಬಕ್ಕ್!” ಮಂದಿರವಿಡೀ ನಕ್ಕಿತು. ಮಾವನ ಕಣ್ಣಿನ ಬಗ್ಗೆ ಊರಿನಲ್ಲಿ ಯಾರೂ ಹಾಗೆ ನಕ್ಕದ್ದಿಲ್ಲ. ದಾರಿ ಮಾಡಿಕೊಟ್ಟವಳು ನಾನು. ಮಾವ ತಾಳವನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ಮರುದಿನದಿಂದ ಅವರು ನನ್ನೊಡನೆ ಮಾತಾಡಲಿಲ್ಲ. ಕೇರಿಯ ಹಿರಿಯರು ಅಂಗಳಕ್ಕೆ ಬಂದು, ಕೊಟ್ಟ ಮಾತು ನೆನಪಿದೆಯೇ ಎಂದು ಕೇಳಿ ಹೋದರು. ಮುಂದಿನ ಶನಿವಾರ ಹೇಳುತ್ತೇನೆ ಎಂದಷ್ಟೇ ಮಾವನ ಉತ್ತರ. ಆ ವಾರ ದೋಣಿ ಹತ್ತುವಾಗಲೆಲ್ಲ, ಇನ್ನೆಷ್ಟು ಸಲ ಹತ್ತುವೆನೋ ಎಂಬ ಭಯ. ಅದಕ್ಕಿಂತ ಹೆಚ್ಚಾಗಿ ಮಾವನ ಮುಖ ನೋಡಲಾಗುತ್ತಿರಲಿಲ್ಲ. ನನಗೆ ಅಕ್ಷರ ತಿದ್ದಿಸಿದ್ದು ಅವರೇ, ಅದೂ ಹೊಯ್ಗೆಯ ಮೇಲೆ.

ಬುಧವಾರ ಸಂಜೆ ಅಬ್ಬಿ ಅಂಗಳದಲ್ಲಿ ಕುಳಿತು ನಂಗಿನ ಚರ್ಮ ಸುಲಿಯುತ್ತಿದ್ದಳು. ಬೆರಳಿಗೆ ಬೂದಿ ಹಚ್ಚಿಕೊಂಡು ತಲೆಯ ಕಡೆಯಿಂದ ಒಮ್ಮೆ ಎಳೆದರೆ ಚರ್ಮ ಇಡಿಯಾಗಿ ಬರುತ್ತದೆ. “ನಿನ್ ನಾಲ್ಗಿ ಚರ್ಮ ಸುಲೂಕೂ ಇದೇ ಬೂದಿ ಸಾಕ್” ಎಂದು ಬೈದಳು. ಆಮೇಲೆ ತಲೆ ಎತ್ತದೆಯೇ ಹೇಳಿದಳು: “ನೀ ಹೇಳ್ದ್ ಸುಳ್ಳಲ್ಲ ಹೆಣೆ. ಮರಿಗೆ ಎರಡೂ ಬದಿ ಕಣ್ಣ್ ಇರ್ತ್. ನಾ ಕಂಡಿದೆ.”

ನಾನು ಬೆಪ್ಪಾದೆ. “ಎಲ್ಲಿ ಕಂಡದ್ದ್? ಮಾವನತ್ರ ಹೇಳ್ಲಿಲ್ಯಾ?”

“ನನ್ನತ್ರ ಯಾರ್ ಕೇಂಡೀರ್?”

ಹೊಳೆಬಾಯಿಯಲ್ಲಿ ಹೆಂಗಸರು ಹಳೆಯ ಸೀರೆಯಲ್ಲಿ ನೀರು ಸೋಸಿ ಸಣ್ಣ ಸಿಗಡಿ ಹಿಡಿಯುತ್ತಾರೆ. ಮರುದಿನ ಮುಂಜಾನೆ ಅಬ್ಬಿ ನನ್ನನ್ನು ಅಲ್ಲಿಗೆ ಕರೆದೊಯ್ದಳು. ಸೀರೆಯ ಮೇಲೆ ಹೊರಳುವ ಸಿಗಡಿಯ ನಡುವೆ ಬೆರಳಾಡಿಸಿ, ಬಹಳ ಹೊತ್ತಿನ ಮೇಲೆ, ಉಗುರಿನಷ್ಟೂ ಉದ್ದವಿಲ್ಲದ ಗಾಜಿನಂಥ ಎರಡು ಮರಿಗಳನ್ನು ಎತ್ತಿ ಕೊಟ್ಟಳು. ಎರಡು ಕರಿ ಚುಕ್ಕೆ ಬಿಟ್ಟರೆ ನನಗೇನೂ ಕಾಣಲಿಲ್ಲ. ಔಷಧದ ಖಾಲಿ ಬಾಟಲಿಯಲ್ಲಿ ಉಪ್ಪುನೀರು ತುಂಬಿ ಅವನ್ನು ಹಾಕಿಕೊಂಡು ದೋಣಿಗೆ ಹೊರಟೆ. ದೋಣಿ ನಿಲ್ಲುವ ದಕ್ಕೆಯ ಮೇಲೆ ಮಾವ ನಿಂತಿದ್ದರು, ಮದುವೆಗೆ ಹಾಕುವ ಬಿಳಿ ಅಂಗಿ ತೊಟ್ಟು. ಅಬ್ಬಿ ಹೇಳಿರಬೇಕು.

“ನಾನೂ ಬತ್ತೆ. ಕಂಡೇ ಹೇಳ್ಕ್” ಎಂದರು. ಐದು ದಿನಗಳಲ್ಲಿ ಅದೇ ಮೊದಲ ಮಾತು. ದೋಣಿಯಲ್ಲಿ ಆಚೆ ಮುಖ ಮಾಡಿ ಕುಳಿತರು.

ಪ್ರಯೋಗಾಲಯದಲ್ಲಿ ನಮ್ಮ ಅಧ್ಯಾಪಕರು ಮರಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕ ಸರಿಮಾಡಿ, ತಿರುಗಿ ನೋಡದೆಯೇ “ಒಂದು ಕಣ್ಣು ಮುಚ್ಚಿ ನೋಡಿ” ಎಂದರು.

“ಅದ್ ಮುಚ್ಚಿಯೇ ಇತ್ತ್ ಮಾಷ್ಟ್ರೆ” ಎಂದರು ಮಾವ. ಅಧ್ಯಾಪಕರಿಗೆ ಮುಖವೆತ್ತಲಾಗಲಿಲ್ಲ. ಮಾವ ಮಾತ್ರ ನಕ್ಕರು. “ಇದ್ಕೆ ಒಂದೇ ಸಾಕಲ್ದಾ? ಹಾಂಗಾರೆ ನನ್ ಲೆಕ್ಕಕ್ಕೇ ಮಾಡದ್ದ್ ಇದ್” ಎಂದು ಬಗ್ಗಿದರು.

ಬಹಳ ಹೊತ್ತು ನೋಡಿದರು. ಮೊದಲ ಮರಿಗೆ ಆಚೆ ಈಚೆ ಒಂದೊಂದು ಕಣ್ಣು. ಎರಡನೆಯದರ ಒಂದು ಕಣ್ಣು ಸರಿಯಾಗಿ ನೆತ್ತಿಯ ಮೇಲೆ, ದಾರಿಯ ನಡುವೆ. ಮಾವ ಕಾಲು ಬದಲಿಸುತ್ತಾ ಮತ್ತೆ ಮತ್ತೆ ಅದನ್ನೇ ನೋಡಿದರು. ನನಗೆ ಅಳು ಬಂತು. ಅವರ ಒಂದೇ ಸಾಕ್ಷಿಯನ್ನು ಕಸಿದುಕೊಂಡೆ ಎನಿಸಿತು.

ಶನಿವಾರ ಮಂದಿರ ತುಂಬಿತ್ತು. ಭಜನೆ ಮುಗಿದ ಮೇಲೆ ಮಾವ ಎದ್ದು ನಿಂತರು.

“ಇಷ್ಟ್ ವರ್ಷ ನಾ ಹೇಳದ್ದ್ ತಪ್ಪ್. ನಂಗಿಗೆ ಹುಟ್ಟುವಾಗ ಎರಡೂ ಬದಿ ಕಣ್ಣ್ ಇರ್ತ್, ಕಡಿಕೆ ಒಂದ್ ಹೊರಳಿ ಬತ್ತ್. ಹೆಣ್ ಹೇಳದ್ದ್ ಸಮ. ನಾ ಕಂಡ್ ಬಂದೆ. ಹೊರಳ್ಸುದ್ ಯಾರ್ ಅಂಬುದಕ್ಕೆ ಹೆಣ್ಣಿನ ಮಾತ್ ಬೇರೆ, ನನ್ ಮಾತ್ ಬೇರೆ. ಮಾಡ್ದಂವ ಕೆಲ್ಸ ಮುಗ್ಸಿ ಕೈ ತೊಳ್ದ ಅಂದೇಳಿ ನಾ ಎಣ್ಸಿದ್ದೆ. ಅಂವ ಇನ್ನೂ ಮಾಡ್ತಾ ಇದ್ದ. ಹೆಣ್ಣ್ ಓದ್ಲಿ.”

ಯಾರೂ ನಗಲಿಲ್ಲ. ಸೋಮವಾರ ನಾನು ದೋಣಿ ಹತ್ತಿದೆ.

ಕತೆ ಇಲ್ಲಿಗೇ ಮುಗಿದಿದ್ದರೆ ನನಗೂ ಮರ್ಯಾದೆ ಉಳಿಯುತ್ತಿತ್ತು. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಬ್ರಹ್ಮಾವರದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಒಂದು ದಿನ ನಂಗಿನ ಪಾಠ ಮಾಡುತ್ತಾ, ಅದೇ ಹಳೆಯ ನೋಟ್ಸಿನಿಂದ, ಕಣ್ಣು ಬಲಮಗ್ಗುಲಿಗೆ ಎಂದು ಕರಿಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿ, ಅವಳ ತಾಯಿಯೂ ಮೀನು ಮಾರುವವಳೇ, ಎದ್ದು ನಿಂತು, “ಟೀಚರ್, ನಮ್ ಮನಿಗೆ ಬಪ್ಪ ನಂಗಿಗೆಲ್ಲ ಎಡಬದಿಗೆ ಇತ್ತ್” ಎಂದಳು.

“ಪುಸ್ತಕದಲ್ಲಿ ಇದ್ದದ್ದು ಬರಿ, ಕೂತ್ಕೊ” ಎಂದೆ.

ಅವಳು ಕೂತಳು. ನನಗೆ ಕೂರಲಾಗಲಿಲ್ಲ. ಸಂಜೆ ಪೇಟೆಯಿಂದ ನಂಗು ತಂದು, ಹೊಟ್ಟೆ ಕೆಳಗೆ ತಲೆ ಮುಂದೆ ಮಾಡಿ ಹಿಡಿದೆ. ಕಣ್ಣು ಎಡಕ್ಕೆ. ಇನ್ನೊಂದನ್ನು ಹಿಡಿದೆ, ಅದಕ್ಕೂ ಎಡಕ್ಕೆ. ಬಲಕ್ಕೆ ಕಣ್ಣಿರುವುದು ಬೇರೆ ಜಾತಿ, ಕಾಲೇಜಿನಲ್ಲಿ ನಾವು ಓದಿದ ಇಂಗ್ಲಿಷ್ ಪುಸ್ತಕ ಬರೆದವರ ಊರಿನದು. ಹುಟ್ಟಿದಂದಿನಿಂದ ನೋಡಿ, ಸುಲಿದು, ಉಂಡ ಮೀನು. ಅಂಗೈ ಹುಣ್ಣಿಗೆ ಕನ್ನಡಿ ಹುಡುಕಿದವಳು ನಾನು.

ಆ ಶನಿವಾರ ಊರಿಗೆ ಹೋದೆ. ಮಾವ ಜಗುಲಿಯಲ್ಲಿ ಬಲೆ ಹೆಣೆಯುತ್ತಿದ್ದರು. “ಮಾವ, ಅವತ್ ನೀವ್ ಎಡಬದಿ ಅಂದದ್ದೇ ಸಮ” ಎಂದೆ.

ಅವರು ಬಲೆಯಿಂದ ಕಣ್ಣು ತೆಗೆಯಲಿಲ್ಲ. “ಅದ್ ನನ್ಗೆ ಅವತ್ತೇ ಗೊತ್ತಿತ್ತಲೆ. ಕಾಲೇಜಿಗೆ ಹೋಪ ಹೆಣ್ಣ್, ಒಂದಲ್ಲ ಒಂದಿನ ಮೀನನ್ನೂ ಕಾಂತ್ ಅಂದೇಳಿ ಸುಮ್ನಿದ್ದೆ.” ಗಂಟು ಹಾಕಿ ನೂಲು ಕಡಿದರು. “ಯಾರತ್ರ ತಪ್ಪ್ ಹೇಳಿದ್ಯೋ ಅವ್ರತ್ರ ಹೇಳ್. ನನ್ನತ್ರ ಎಂತಕ್ಕೆ?”

ಮೊದಲು ಅದೇ ಸಂಜೆ ಮಂದಿರಕ್ಕೆ ಹೋಗಿ, ಭಜನೆ ಮುಗಿದ ಮೇಲೆ ಎದ್ದು, ನಂಗಿನ ಕಣ್ಣು ಎಡಕ್ಕೇ, ಅಂದು ಬಲ ಎಂದು ನಾನು ಹೇಳಿದ್ದು ತಪ್ಪು ಎಂದೆ. ಸೋಮವಾರ ಬೆಳಿಗ್ಗೆ ತರಗತಿಗೆ ಹೋಗಿ, ಹಲಗೆಯ ಮೇಲೆ ‘ಎಡ’ ಎಂದು ಬರೆದೆ. ಆ ಹುಡುಗಿಯನ್ನು ಎದ್ದು ನಿಲ್ಲಲು ಹೇಳಿದೆ. ಪಾಪ, ಬೈಸಿಕೊಳ್ಳಲು ತಯಾರಾಗಿ ನಿಂತಳು. ನಲವತ್ತು ಮಕ್ಕಳ ಎದುರು, ಸೆರಗಿನ ತುದಿ ಹಿಡಿದುಕೊಂಡು, “ನಾನು ಹೇಳಿದ್ದು ತಪ್ಪು, ಇವಳು ಹೇಳಿದ್ದು ಸರಿ” ಎಂದೆ. ನನ್ನ ಸ್ವರ ನಡುಗಿತು. ಮಾವನ ಸ್ವರ ಅಂದು ನಡುಗಿರಲಿಲ್ಲ.