ಜಾಕ್ ಮೇಲೆ ಬುಲೆಟ್, ಅದರ ಅಡಿಯಲ್ಲಿ ಮಗಳು

ಬೈಕ್ ನನ್ನ ಕಡೆಗೆ ವಾಲಿತು.

ಬೀಳಲಿಲ್ಲ. ವಾಲಿ, ನನ್ನ ಭುಜಕ್ಕೂ ಸೊಂಟಕ್ಕೂ ಒರಗಿ ನಿಂತಿತು. ಅದನ್ನು ಹೊತ್ತಿದ್ದ ಹೈಡ್ರಾಲಿಕ್ ಜಾಕ್‌ನ ಆಚೆ ಬದಿಯ ಚಕ್ರಗಳು ನೆಲ ಬಿಟ್ಟು ಮೇಲೆದ್ದವು...

ಇದು ನಡೆದದ್ದು ಕಳೆದ ವರ್ಷ, 2017ರಲ್ಲಿ, ಬಿಸು ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ. ವರ್ಕಾಡಿಯ ನಮ್ಮ ಮನೆಗೆ ತಾಗಿದ ಶೆಡ್ಡಿನಲ್ಲಿ.

ಗಂಡ ಇರುವುದು ದೋಹಾದಲ್ಲಿ, ಅವರ ಹಳೆಯ ಬುಲೆಟ್ ಇಲ್ಲಿ. ತಿಂಗಳುಗಟ್ಟಲೆ ಒಂದೇ ಕಡೆ ನಿಂತರೆ ಟಯರ್ ಚಪ್ಪಟೆಯಾಗುತ್ತದೆ ಎಂದು ರಜೆಯಲ್ಲಿ ಬಂದಾಗ ಈ ಜಾಕ್ ತರಿಸಿದ್ದರು. ಕಾಲಿನಿಂದ ಪೆಡಲ್ ತುಳಿದರೆ ಅದರ ಎರಡು ಕಬ್ಬಿಣದ ತೋಳುಗಳು ಇಡೀ ಬೈಕನ್ನು ಮೇಲೆತ್ತುತ್ತವೆ.

ಎತ್ತಿ, ಪಿನ್ ಹಾಕಿ, ಎರಡೂ ಬದಿ ಬೆಲ್ಟ್ ಬಿಗಿದು ಹೋಗಿದ್ದರು. ಆಗಾಗ ಒರೆಸಿ, ಚೈನಿಗೆ ಎಣ್ಣೆ ಬಿಡುವ ಕೆಲಸ ನನ್ನದು.

ಆ ದಿನ ಒರೆಸಲು ಬೆಲ್ಟ್ ಅಡ್ಡ ಬರುತ್ತಿತ್ತು. ಎರಡನ್ನೂ ಬಿಚ್ಚಿದೆ. ಒರೆಸುವ ಬಟ್ಟೆ ಎಲ್ಲೋ ಸಿಕ್ಕಿಕೊಂಡಿತು, ಜೋರಾಗಿ ಎಳೆದೆ. ಅಷ್ಟೇ ಆದದ್ದು.

ನಿಜ ಹೇಳಬೇಕೆಂದರೆ ಮೊದಲು ಬಂದದ್ದು ಸಿಟ್ಟು. ಬಲ ಹಾಕಿ ತಳ್ಳಿದರೆ ನೆಟ್ಟಗಾದೀತು, ಇಲ್ಲವಾದರೆ ಆಚೆ ಬದಿಗೆ ಬೀಳಲಿ ಎಂದು ಕಾಲು ಗಟ್ಟಿಯಾಗಿ ಊರಿದೆ.

ಆಗ ಆಚೆ ಬದಿಯಿಂದ ದನಿ ಕೇಳಿತು. "ಅಮ್ಮಾ, ಪುಚ್ಚೆ ಮರಿ ಇಲ್ಲಿ ಉಂಟು!"

ನನ್ನ ಮೂರು ವರ್ಷದ ಮಗಳು ದೀಕ್ಷಾ. ಯಾವಾಗ ಬಂದಳೋ ಗೊತ್ತಿಲ್ಲ. ಜಾಕ್ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಬೆಕ್ಕಿನ ಮರಿಗೆ ಕೈ ಚಾಚಿದ್ದಾಳೆ. ಅವಳ ತಲೆ ಇಂಜಿನ್ನಿನ ಅಡಿಯಲ್ಲಿದೆ.

ತಳ್ಳಿದರೆ ಬೈಕ್ ಅವಳ ಮೇಲೆ. ಬಿಟ್ಟರೆ ಬೈಕ್ ನನ್ನ ಕಡೆ ಬೀಳುತ್ತದೆ, ಆದರೆ ಅಡಿಯ ಜಾಕ್ ಅವಳ ಕಡೆಗೆ ಸಿಡಿಯುತ್ತದೆ.

ಮನೆಯಲ್ಲಿ ಬೇರೆ ಯಾರೂ ಇಲ್ಲ. ನಾದಿನಿ ಕಟ್ಟಿದ ಬೀಡಿ ಕೊಡಲು ಹೋಗಿದ್ದಳು. ಪಕ್ಕದ ಮನೆಯ ಮೈಮೂನಕ್ಕನನ್ನು ಕೂಗೋಣವೆಂದರೆ ಅಲ್ಲಿ ಮಿಕ್ಸಿ ಓಡುತ್ತಿದೆ. ಫೋನ್ ಅಡುಗೆಮನೆಯ ಕಿಟಕಿಯಲ್ಲಿ.

"ಇಲ್ಲಿ ಬಾ" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವಳಿಗೆ ನನ್ನ ಹತ್ತಿರ ಬರಲು ಇದ್ದ ಸಮೀಪದ ದಾರಿ ಬೈಕಿನ ಅಡಿಯದ್ದೇ.

ನಾನು ಕರೆಯದೆಯೂ ಅವಳು ಹೊರಟಳು. ಎರಡೂ ಕೈ ನೆಲಕ್ಕೆ ಊರಿದಳು.

"ಬೇಡ!" ಎಂದು ಕಿರುಚಿದೆ. ಅವಳ ತುಟಿ ನಡುಗಿತು. ಹೆದರಿದರೆ ಅವಳು ಓಡಿ ಬರುವುದು ನನ್ನ ಹತ್ತಿರಕ್ಕೇ ಎಂದು ಆಗ ಹೊಳೆಯಿತು.

ಹೇಗೋ ಮುಖದಲ್ಲಿ ನಗು ತಂದುಕೊಂಡೆ.

"ದೀಕ್ಷಾ, ಅಡಗುವ ಆಟ ಆಡುವನಾ? ನಾನು ಎಣಿಸ್ತೇನೆ, ನೀನು ಮನೆಯೊಳಗೆ ಹೋಗಿ ಅಡಗು."

"ಪುಚ್ಚೆಯೂ ಬರಲಿ."

"ಅದು ಆಮೇಲೆ ಬರ್ತದೆ. ನೀನು ಮೊದಲು ಹೋಗು. ಒಂದು..."

ಅವಳು ಕದಲಲಿಲ್ಲ. "ಅಮ್ಮ ಕಣ್ಣೇ ಮುಚ್ಚಲಿಲ್ಲ!"

ಕಣ್ಣು ಮುಚ್ಚಬೇಕಿತ್ತು. ಭುಜದ ಮೇಲೆ ಅಷ್ಟು ಭಾರ ಹೊತ್ತುಕೊಂಡು, ಅದರ ಅಡಿಯಲ್ಲಿ ಮಗುವನ್ನು ಬಿಟ್ಟು, ಕಣ್ಣು ಮುಚ್ಚಿದೆ. ಎಣಿಸುತ್ತಾ ಹೋದೆ. ಜಾಕ್ ಒಮ್ಮೆ ಕಿರ್ರೆಂದಿತು.

ಕಣ್ಣು ತೆರೆದಾಗ ಅವಳು ಅಲ್ಲಿಲ್ಲ, ಬೆಕ್ಕಿನ ಮರಿಯೂ ಇಲ್ಲ.

ಆದರೆ ಎಲ್ಲಿ ಹೋದಳು? ಬೈಕಿನಿಂದ ನಾಲ್ಕು ಹೆಜ್ಜೆ ಆಚೆ, ಶೆಡ್ಡಿನ ಮೂಲೆಯಲ್ಲಿ ನೀರಿನ ಡ್ರಮ್ ಉಂಟು. ಅವಳು ಯಾವಾಗಲೂ ಅಡಗುವುದು ಅದರ ಹಿಂದೆಯೇ. ನನ್ನ ಕಡೆಯಿಂದ ಅದು ಕಾಣುವುದಿಲ್ಲ.

"ದೀಕ್ಷಾ, ಎಲ್ಲಿದ್ದೀ?"

ಉತ್ತರ ಇಲ್ಲ. ಮಿಕ್ಸಿಯ ಸದ್ದು ಮಾತ್ರ. ಅಡಗಿದವರು ಮಾತಾಡಬಾರದು ಎಂದು ಅವಳಿಗೆ ಕಲಿಸಿದವಳು ನಾನೇ... ಸೊಂಟ ಸೋಲುತ್ತಿದೆ, ಬೈಕ್ ಇಷ್ಟಿಷ್ಟೇ ಕೆಳಗೆ ಜಾರುತ್ತಿದೆ.

"ದೀಕ್ಷಾ ಮಂಚದ ಅಡಿಯಲ್ಲಿ ಉಂಟಾ?"

ಮನೆಯೊಳಗಿಂದ, ಗೋಡೆಯ ಆಚೆಯಿಂದ, ಕೂಗು ಬಂತು. "ಮಂಚದಡಿ ಇಲ್ಲ! ಬಾಗಿಲ ಹಿಂದೆ!"

ಹಿಂದಕ್ಕೆ ಹಾರಿದೆ.

ನನ್ನ ಕಾಲನ್ನು ತರಚಿಕೊಂಡು ಬೈಕ್ ಬಿದ್ದ ಸದ್ದು ನೆಲದಿಂದ ನನ್ನ ಹಲ್ಲಿನವರೆಗೆ ಬಂತು. ಜಾಕ್ ನೆಲ ಉಜ್ಜಿಕೊಂಡು ಹೋಗಿ ನೀರಿನ ಡ್ರಮ್ಮಿಗೆ ಬಡಿಯಿತು. ಕಬ್ಬಿಣದ ತೋಳಿನ ತುದಿ ಡ್ರಮ್ಮಿನೊಳಕ್ಕೆ ಹೊಕ್ಕು, ನೀರು ಹರಿಯತೊಡಗಿತು.

ಪೆಟ್ರೋಲಿನ ವಾಸನೆ. ಕುಂಟುತ್ತಾ ಒಳಗೆ ಓಡಿ, ಬಾಗಿಲ ಹಿಂದಿನಿಂದ ಅವಳನ್ನು ಎತ್ತಿಕೊಂಡು ನೇರ ಮೈಮೂನಕ್ಕನ ಅಂಗಳಕ್ಕೆ ಹೋದೆ. ಸದ್ದು ಕೇಳಿ ಅವರೂ ಓಡಿ ಬರುತ್ತಿದ್ದರು.

"ಎಂತಾಯ್ತು ಮಾರಾಯ್ತಿ? ನಿನ್ನ ಕಾಲಲ್ಲಿ ಎಲ್ಲ ರಕ್ತ!"

ಮೈಮೂನಕ್ಕ ನನ್ನನ್ನು ಮೆಟ್ಟಿಲಲ್ಲಿ ಕೂರಿಸಿ, ಮಗುವನ್ನು ತೆಗೆದುಕೊಳ್ಳಲು ನೋಡಿದರು. ನಾನು ಬಿಡಲಿಲ್ಲ. ಬಿಗಿಯಾಗಿ ಹಿಡಿದದ್ದಕ್ಕೆ ದೀಕ್ಷಾ ಅಳತೊಡಗಿದಳು. ಆ ಅಳು ಕೇಳಿ ನನಗೆ ಉಸಿರು ಬಂತು.

ಸಂಜೆ ಇಮೋ ವಿಡಿಯೋ ಕಾಲಿನಲ್ಲಿ ಗಂಡನಿಗೆ ಹೇಳಿದೆ.

"ಅವಳನ್ನು ತೋರಿಸು," ಅಂದರು. "ಕೈ ತೋರಿಸು. ಕಾಲು ತೋರಿಸು. ತಿರುಗಿ ನಿಲ್ಲಿಸು." ಎಲ್ಲ ನೋಡಿದ ಮೇಲೆ, "ಟಯರ್ ಹಾಳಾಗಿ ಹೋಗ್ಲಿ. ಇನ್ನು ಅದನ್ನು ಎತ್ತುವುದು ಬೇಡ," ಅಂದರು. ಬೈಕಿಗೆ ಎಂತಾಯಿತು ಎಂದು ಕೇಳಲೇ ಇಲ್ಲ.

ಈಗ ಬುಲೆಟ್ ನೆಲದ ಮೇಲೆ ಅದರದ್ದೇ ಸ್ಟ್ಯಾಂಡಿನಲ್ಲಿದೆ. ಶೆಡ್ಡಿಗೆ ಬಾಗಿಲು ಬಂದಿದೆ, ಚಿಲಕ ಮಗುವಿನ ಕೈಗೆ ಸಿಗದಷ್ಟು ಎತ್ತರದಲ್ಲಿದೆ. ಕಾಲಿನ ಗಾಯವೂ ಒಣಗಿದೆ.

ಆದರೂ ಅಡುಗೆ ಮಾಡುತ್ತಿರುವಾಗ ಮನೆ ಒಮ್ಮೆಲೇ ನಿಶ್ಶಬ್ದವಾದರೆ, ಆ ಭಾರ ಮತ್ತೆ ಬಂದು ಭುಜದ ಮೇಲೆ ಕೂರುತ್ತದೆ. ಗ್ಯಾಸ್ ಆಫ್ ಮಾಡಿ ಹೋಗಿ ನೋಡುತ್ತೇನೆ.

ನಿಮ್ಮ ಮನೆಯಲ್ಲೂ ಜಾಕ್ ಮೇಲೆ ಬೈಕ್ ನಿಂತಿದ್ದರೆ ಒಂದು ಮಾತು ಕೇಳುತ್ತೇನೆ... ನೀವು ಇದನ್ನು ಓದುತ್ತಿರುವ ಈ ಹೊತ್ತಿಗೆ, ಮಗು ಎಲ್ಲಿದೆ?